ಒದ್ದೆ ಗೋಣಿಯೋ, ಮರಳಿನ ತೊಟ್ಟಿಯೋ, ಐಸ್ ಪೆಟ್ಟಿಗೆಯೋ?

ಏಸಿ ಮಳಿಗೆಯಲ್ಲಿ ಸಂಜೆ ಆರಕ್ಕೂ ಸೊಪ್ಪು ನೆಟ್ಟಗೆ ನಿಂತಿರುತ್ತದೆ. ಮಾರುಕಟ್ಟೆಯ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತದೆ. ಕೆಲಸ ಮುಗಿಸಿ ಬರುವ ಗಿರಾಕಿ ಕೈತಪ್ಪುವುದು ಇಲ್ಲೇ. ಕರೆಂಟಿಲ್ಲದ ಕಟ್ಟೆಗೆ ಒಗ್ಗುವ ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು ಇದು.

ಒದ್ದೆ ಗೋಣಿಗೆ ಖರ್ಚೇ ಇಲ್ಲ. ಆದರೆ ನೀರು ಸೋರುವ ಗೋಣಿಯನ್ನೇ ಹೊದಿಸಿಬಿಡುತ್ತಾರೆ, ಅಲ್ಲೇ ಕೆಡುವುದು. ನೆನೆಸಿ, ಗಟ್ಟಿಯಾಗಿ ಹಿಂಡಿ ಹೊದಿಸಬೇಕು. ಎಲೆಗಳ ಸಂದಿಯಲ್ಲಿ ನೀರು ನಿಂತರೆ ಕಟ್ಟಿನ ಒಡಲಲ್ಲಿ ಕಾವು ಕೂತು ಲೋಳೆಯಾಗುತ್ತದೆ: ಮೇಲೆ ಹಸಿರು, ಬಿಚ್ಚಿದರೆ ಕಪ್ಪು. ರಾತ್ರಿ ಗೋಣಿ ತೊಳೆದು ಒಣಗಿಸದಿದ್ದರೆ ಮರುದಿನ ಅದರ ಮುಗ್ಗಲು ವಾಸನೆ ಸೊಪ್ಪಿಗೂ ಹತ್ತುತ್ತದೆ. ಅರ್ಧ ದಿನದ ಮಾಲಿಗೆ ಇಷ್ಟು ಸಾಕು.

ಮರಳಿನ ತೊಟ್ಟಿ ರಾತ್ರಿ ಉಳಿದ ಮಾಲಿಗೆ. ಮಾಲು ಇಡುವ ಜಾಗದ ಸುತ್ತ ಇಟ್ಟಿಗೆಯ ಎರಡು ಗೋಡೆ, ಗೋಡೆಗಳ ನಡುವೆ ಸುಮಾರು 7.5 ಸೆಂ.ಮೀ. ಸಂದು, ಅದರ ತುಂಬ ಮರಳು. ಬೆಳಿಗ್ಗೆ ಸಂಜೆ ನೀರು ಹನಿಸಬೇಕು. ಮೇಲೆ ಒದ್ದೆ ಚಾಪೆ, ಸುತ್ತ ನೆರಳು, ಗಾಳಿಯಾಟ. ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಮಾತ್ರ ಬರೀ ಇಟ್ಟಿಗೆ ಗುಡ್ಡೆ. ಹವೆಯೇ ಒದ್ದೆಯಿದ್ದರೆ ಆವಿಯಾಗುವುದೆಲ್ಲಿಂದ? ಜಾಗ ಬದಲಿಸುವ ವ್ಯಾಪಾರಿಗೂ ಇದು ಆಗದು.

ಐಸ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆ ಎಲ್ಲಕ್ಕಿಂತ ತಂಪು, ಎಲ್ಲಕ್ಕಿಂತ ಕಿರಿಕಿರಿ. ಬಿಡಿ ಐಸ್ ಬೇಡ. ಬಾಟಲಿಯಲ್ಲಿ ಗಟ್ಟಿಕಟ್ಟಿಸಿದ ನೀರಾದರೆ ಕರಗಿದ್ದು ತಳದಲ್ಲಿ ನಿಲ್ಲುವುದಿಲ್ಲ. ಬಾಟಲಿಗೂ ಸೊಪ್ಪಿಗೂ ನಡುವೆ ದಪ್ಪ ಕಾಗದ ಹಾಸಿ. ತಾಗಿದ ಎಲೆ ಹೆಪ್ಪುಗಟ್ಟಿ, ಆಮೇಲೆ ಬೆಂದಂತೆ ಮೆತ್ತಗಾಗುತ್ತದೆ. ಟೊಮೆಟೊ, ಸೌತೆ, ಬದನೆಯನ್ನು ಇದರೊಳಗೆ ತುರುಕಲೇಬೇಡಿ: ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿ ಅವಕ್ಕೆ ಒಗ್ಗದು. ಕಾಯಿ ಟೊಮೆಟೊ ಸರಿಯಾಗಿ ಹಣ್ಣಾಗುವುದಿಲ್ಲ, ಸೌತೆಯ ಮೈಮೇಲೆ ಗುಳಿ ಬೀಳುತ್ತದೆ.

ನಮ್ಮ ಒಲವು ಗೋಣಿ ಮತ್ತು ತೊಟ್ಟಿಯ ಜೋಡಿಗೆ. ಕಟ್ಟೆಯ ಮೇಲೆ ಮೂರನೇ ಒಂದು ಭಾಗವಷ್ಟೇ ಹರಡಿ, ಉಳಿದದ್ದನ್ನು ಒಳಗಿಟ್ಟು, ಖಾಲಿಯಾದಂತೆ ತೆಗೆಯುತ್ತಿರಬೇಕು. ಐಸ್ ಪೆಟ್ಟಿಗೆ ಮಳೆಗಾಲಕ್ಕಿರಲಿ. ಯಾವುದನ್ನೇ ಹಿಡಿದರೂ ಹಣ್ಣಾಗುತ್ತಿರುವ ಟೊಮೆಟೊ ಮತ್ತು ಬಾಳೆ, ಎರಡೂ ಸೊಪ್ಪಿನ ಪಕ್ಕ ಬೇಡ. ಅವು ಬಿಡುವ ಎಥಿಲೀನ್ ಅನಿಲಕ್ಕೆ, ತಂಪಿನಲ್ಲಿಟ್ಟರೂ, ಎಲೆ ಹಳದಿಗೆ ತಿರುಗುತ್ತದೆ.