ರೊಬಸ್ಟೊ ಸಿಗಾರ್: ಹೊಗೆ ನುಂಗದವರಿಗೂ ನಿಕೋಟಿನ್ ತಪ್ಪದು

ರೊಬಸ್ಟೊ ಎಂಬುದು ಸಿಗಾರಿನ ಒಂದು ಅಳತೆ: ಕೈಯಲ್ಲಿ ಸುತ್ತಿದ ಈ ಸಿಗಾರ್ ಸುಮಾರು 5 ಇಂಚು ಉದ್ದ, ರಿಂಗ್ ಗೇಜ್ 50. ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಪಾಲು, ಹಾಗಾಗಿ ದಪ್ಪ ಹೆಚ್ಚುಕಡಿಮೆ 20 ಮಿಲಿಮೀಟರ್. ಒಳಗೆ ಫಿಲ್ಲರ್ ಎಲೆ, ಅದನ್ನು ಬಿಗಿಹಿಡಿಯುವ ಬೈಂಡರ್, ಮೇಲೆ ನಯವಾದ ರ‍್ಯಾಪರ್. ಕೆಲಸಗಾರಿಕೆಗೆ ಹೆಸರಿಡುವಂತಿಲ್ಲ. ಸುತ್ತಲೂ ಸಮವಾಗಿ ಉರಿಯುತ್ತದೆ, ಬೂದಿ ಬೇಗ ಉದುರುವುದಿಲ್ಲ. ತಕರಾರಿರುವುದು ಇದರ ಜೊತೆಗೇ ಮಾರಾಟವಾಗುವ ಮಾತಿನ ಮೇಲೆ: 'ಹೊಗೆ ನುಂಗಬೇಡಿ, ಬಾಯಲ್ಲಿಟ್ಟು ಬಿಟ್ಟುಬಿಡಿ, ಏನೂ ಆಗಲ್ಲ.'

ಆಗುತ್ತದೆ. ಸಿಗರೇಟಿನಲ್ಲಿ ಹೆಚ್ಚಾಗಿ ಬಳಸುವ, ಬಿಸಿಗಾಳಿಯಲ್ಲಿ ಹದಮಾಡಿದ ತಂಬಾಕಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಅದರ ಹೊಗೆ ಆಮ್ಲೀಯ, ನಿಕೋಟಿನ್ ಸಿಗಬೇಕಾದರೆ ಶ್ವಾಸಕೋಶಕ್ಕೇ ಎಳೆಯಬೇಕು. ಸಿಗಾರಿನ ಎಲೆಯನ್ನು ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ ಹುದುಗಿಸುತ್ತಾರೆ. ಸಕ್ಕರೆ ಇಳಿದು ಹೊಗೆ ಕ್ಷಾರೀಯವಾಗುತ್ತದೆ. ಕ್ಷಾರೀಯ ಹೊಗೆಯ ನಿಕೋಟಿನ್ ಕೆನ್ನೆಯ ಒಳಪದರದಿಂದಲೇ ರಕ್ತ ಸೇರುತ್ತದೆ. ಹಚ್ಚದೆ ಸುಮ್ಮನೆ ತುಟಿಯಲ್ಲಿ ಕಚ್ಚಿಕೊಂಡಿದ್ದರೂ ಅಷ್ಟಿಷ್ಟು ಒಳಗೆ ಹೋಗುತ್ತದೆ. ಅದೇ ಹುದುಗಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡುವುದರಿಂದ ಕ್ಯಾನ್ಸರ್ ತರುವ ನೈಟ್ರೊಸಮೈನ್‌ಗಳೂ ಹೆಚ್ಚುತ್ತವೆ. ಎಲೆಯ ಹೊದಿಕೆಯಲ್ಲಿ ಸಿಗರೇಟಿನ ಕಾಗದದಷ್ಟು ಗಾಳಿಯಾಡದು. ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತದೆ, ಪಕ್ಕದಲ್ಲಿ ಕೂತವರ ಪಾಲಿಗೂ.

ಇನ್ನು ಪ್ರಮಾಣ. ಸಿಗರೇಟಿನಲ್ಲಿ ತಂಬಾಕು 1 ಗ್ರಾಂಗಿಂತ ಕಡಿಮೆ. ದೊಡ್ಡ ಸಿಗಾರುಗಳಲ್ಲಿ 5ರಿಂದ 20 ಗ್ರಾಂ. ಖಾಲಿ ಹೊಟ್ಟೆಯಲ್ಲಿ ಬೇಗಬೇಗ ದಮ್ಮು ಎಳೆದವರಿಗೆ ಬಾಯಲ್ಲಿ ನೀರೂರುವುದು, ತಣ್ಣನೆಯ ಬೆವರು, ತಲೆಸುತ್ತು, ವಾಕರಿಕೆ ಬರುವುದು ಇದಕ್ಕೇ. 'ಅಭ್ಯಾಸ ಇಲ್ಲ ಅಷ್ಟೇ' ಎಂದು ಮುಂದುವರಿಸುವುದು ತಪ್ಪು. ಅದು ನಿಕೋಟಿನ್ ಮಿತಿಮೀರಿದ ಲಕ್ಷಣ, ಅಲ್ಲಿಗೇ ಕೆಳಗಿಡಬೇಕು. ಕೊನೆಯ ಮೂರನೇ ಒಂದು ಭಾಗ ಕಹಿ, ಬಿಸಿ. ಅಷ್ಟು ಹೊತ್ತು ಹಾದುಹೋದ ಹೊಗೆಯ ಟಾರ್ ಮುಂದಿನ ಎಲೆಯಲ್ಲೇ ಕಟ್ಟಿಕೊಂಡಿರುತ್ತದೆ. ಹ್ಯೂಮಿಡಾರಿನಲ್ಲಿ, ಅಂದರೆ ಸಿಗಾರ್ ಒಣಗದಂತೆ ಇಡುವ ಪೆಟ್ಟಿಗೆಯಲ್ಲಿ, 65–70% ತೇವ ಕಾಯ್ದರೆ ಉಳಿಯುವುದು ರುಚಿ ಮಾತ್ರ, ವಿಷವೇನೂ ಇಳಿಯದು.

ಚಟದ ವಿಚಾರದಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಾಯಿಂದ ನಿಕೋಟಿನ್ ನಿಧಾನವಾಗಿ ಏರುತ್ತದೆ, ಸಿಗರೇಟಿನ ಹಾಗೆ ಥಟ್ಟನೆ ತಲೆಗೆ ಹೊಡೆಯುವುದಿಲ್ಲ. ಅಪರೂಪಕ್ಕೆ ಸೇದುವ ಎಲ್ಲರೂ ಚಟಕ್ಕೆ ಬೀಳುವುದಿಲ್ಲ. ದಿನಾ ಸೇದುವವರ ಕಥೆ ಬೇರೆ. ಅದಕ್ಕಿಂತ ಕೆಟ್ಟ ಆಯ್ಕೆ ಎಂದರೆ ಸಿಗರೇಟ್ ಬಿಡಲೆಂದು ಸಿಗಾರ್ ಹಿಡಿಯುವುದು: ಹಳೆಯ ಅಭ್ಯಾಸಬಲದಿಂದ ಹೊಗೆ ಒಳಗೇ ಹೋಗುತ್ತದೆ, ಆಗ ಬಾಯಿ, ಶ್ವಾಸಕೋಶ ಎರಡಕ್ಕೂ ಪೆಟ್ಟು. ಫಿಲ್ಟರ್ ಹಾಕಿದ ಸಣ್ಣ ಸುವಾಸನೆಯ ಸಿಗಾರುಗಳಂತೂ ಹೆಸರಿಗಷ್ಟೇ ಸಿಗಾರು, ಸೇದುವುದು ಸಿಗರೇಟಿನ ಹಾಗೆಯೇ.

ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೂ ಒಸಡಿನ ರೋಗಕ್ಕೂ ಸಿಗಾರ್ ಕಾರಣ. ಅನ್ನನಾಳ ಯಾಕೆ ಎಂದರೆ, ಹೊಗೆ ನುಂಗದವರೂ ಎಂಜಲು ನುಂಗುತ್ತಾರೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಸ್ವತಃ ವೈದ್ಯ, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಕಂಡವರು, ಆದರೂ ಸಿಗಾರ್ ಬಿಡಲಾಗಲಿಲ್ಲ.

ಕೊಳ್ಳಬೇಡಿ ಎಂಬುದೇ ನಮ್ಮ ಶಿಫಾರಸು. ಈಗಾಗಲೇ ದಿನಾ ಸೇದುವವರು ಬಿಡಲು ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು. ಅದು ಕೆಲಸ ಮಾಡುವುದೂ ಕೆನ್ನೆಯ ಮೂಲಕವೇ. ಚುರುಗುಟ್ಟುವವರೆಗೆ ಮೆಲ್ಲಗೆ ಅಗಿದು, ಕೆನ್ನೆ ಮತ್ತು ಒಸಡಿನ ಸಂದಿಯಲ್ಲಿ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ಅಗಿಯುವ 15 ನಿಮಿಷ ಮುಂಚಿನಿಂದಲೇ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಆಮ್ಲೀಯವಾದರೆ ನಿಕೋಟಿನ್ ಹೀರಿಕೊಳ್ಳದೆ ಗಮ್ ದಂಡವಾಗುತ್ತದೆ.