ಹ್ಯಾಲೊಜನ್, ಎಚ್‌ಐಡಿ, ಎಲ್‌ಇಡಿ: ಹೆಡ್‌ಲೈಟ್‌ಗಳ ದೀರ್ಘ ಬಳಕೆಯ ವಿಮರ್ಶೆ

ಮೊದಲು ಹ್ಯಾಲೊಜನ್. ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್ 60/55 ವ್ಯಾಟ್‌ನದು. ಹಳದಿ ಬೆಳಕು, ಮಳೆಯಲ್ಲಿ ಕಣ್ಣಿಗೆ ಹಿತ. ಹಳೆಯದಾದಂತೆ ಮಂಕಾಯಿತು ಅನ್ನಿಸಿದರೆ ತಕ್ಷಣ 100 ವ್ಯಾಟ್ ಬಲ್ಬ್ ಹಾಕಬೇಡಿ, ಹೋಲ್ಡರ್ ಕರಗುತ್ತದೆ. ಎಂಜಿನ್ ಓಡುತ್ತಾ ಲೈಟ್ ಉರಿಯುವಾಗ ಬ್ಯಾಟರಿಯಲ್ಲೂ ಹೋಲ್ಡರ್‌ನಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಒಂದು ವೋಲ್ಟ್ ಮುಟ್ಟಿದ್ದರೆ ತಪ್ಪು ಬಲ್ಬಿನದಲ್ಲ, ವೈರಿಂಗ್‌ನದು. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಶೇ. 30ರಷ್ಟು ಬಿದ್ದುಹೋಗುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಮೇತ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ವೈರಿಂಗ್ ಎಳೆದರೆ ಅದೇ ಬಲ್ಬ್ ಹೊಸದರಂತೆ ಉರಿಯುತ್ತದೆ. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಬಿಸಿ ಹೆಚ್ಚಿ ಬಲ್ಬ್ ಬೇಗ ಸಾಯುತ್ತದೆ.

ತಂತಿಯ ಬದಲು ಅನಿಲದಲ್ಲಿ ವಿದ್ಯುತ್ ಕಿಡಿಯಿಂದ ಬೆಳಗುವ ಎಚ್‌ಐಡಿ (ಕ್ಸೆನಾನ್) ಬರೀ 35 ವ್ಯಾಟ್‌ನಲ್ಲಿ 3,200 ಲ್ಯೂಮೆನ್ ಕೊಡುತ್ತದೆ, ಹ್ಯಾಲೊಜನ್‌ನ ಎರಡು ಪಟ್ಟು. ಪ್ರೊಜೆಕ್ಟರ್ (ಬೆಳಕನ್ನು ಮಸೂರದಿಂದ ಹಾಯಿಸುವ ಘಟಕ) ಜೊತೆ ಇದು ಈಗಲೂ ಅದ್ಭುತ. ಆದರೆ ಪೂರ್ತಿ ಬೆಳಗಲು ಕೆಲವು ಸೆಕೆಂಡ್ ಬೇಕು, ಹಾಗಾಗಿ ಪಾಸ್ ಲೈಟ್ ಹೊಡೆಯಲು ಒಗ್ಗದು. ಬಣ್ಣ ನೀಲಿ-ಗುಲಾಬಿಗೆ ತಿರುಗಿದರೆ ಆಯುಸ್ಸು ಮುಗಿಯುತ್ತಾ ಬಂತು ಎಂದರ್ಥ. ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ, ಇಲ್ಲದಿದ್ದರೆ ಎರಡು ಕಡೆ ಎರಡು ಬಣ್ಣ. ಬಲ್ಬಿಗೆ ವಿದ್ಯುತ್ ಕೊಡುವ ಬ್ಯಾಲಸ್ಟ್ ಪೆಟ್ಟಿಗೆ ಹೊತ್ತಿಸುವಾಗ 20,000 ವೋಲ್ಟ್ ದಾಟುತ್ತದೆ. ಲೈಟ್ ಆರಿಸದೆ ಕೈ ಹಾಕಲೇಬೇಡಿ.

ಕಂಪನಿಯಿಂದಲೇ ಬರುವ ಎಲ್‌ಇಡಿ ಹೆಡ್‌ಲೈಟ್ ಒಳ್ಳೆಯದು, ಕೆಟ್ಟರೆ ಮಾತ್ರ ಬಹುಪಾಲು ಇಡೀ ಘಟಕವನ್ನೇ ಕೊಳ್ಳಬೇಕು. ನನ್ನ ತಕರಾರಿರುವುದು ಹ್ಯಾಲೊಜನ್ ಜಾಗಕ್ಕೆ ತುರುಕುವ ಎಲ್‌ಇಡಿ ಬಲ್ಬ್‌ಗಳ ಬಗ್ಗೆ. ಎಚ್4ನ ಲೋ ಬೀಮ್ ತಂತಿಯ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲಿರುತ್ತದೆ. ಕೆಳಗಿನ ಪ್ರತಿಫಲಕಕ್ಕೆ ಬೆಳಕು ಬೀಳದಂತೆ ತಡೆದು ಎದುರಿನವರ ಕಣ್ಣು ಕಾಯುವುದು ಅದೇ. ಎಲ್‌ಇಡಿ ಚಿಪ್ ತಂತಿ ಇದ್ದ ಜಾಗಕ್ಕಿಂತ ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ಕಟ್-ಆಫ್ (ಲೋ ಬೀಮ್ ಬೆಳಕು ಮೇಲೆ ಕೊನೆಯಾಗುವ ಗೆರೆ) ಕಲಸಿಹೋಗುತ್ತದೆ. ಕಾರಿನ ಮುಂದೆಯೇ ರಸ್ತೆ ಬೆಳ್ಳಗೆ ಹೊಳೆಯುವುದರಿಂದ ಬೆಳಕು ಜಾಸ್ತಿ ಅನ್ನಿಸುತ್ತದೆ, ದೂರದ ಗುಂಡಿ ಮಾತ್ರ ಕಾಣುವುದಿಲ್ಲ. ಬಲ್ಬಿನ ಹಿಂದೆ ತಂಪು ಮಾಡುವ ಫ್ಯಾನ್‌ಗೆ ದೂಳು ಹಿಡಿದು ನಿಂತರೆ ಬಿಸಿಗೆ ಚಿಪ್ ಮಂಕಾಗುತ್ತದೆ. ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ.

ಲೆನ್ಸ್ ಹಳದಿಗಟ್ಟಿದ್ದರೆ ಯಾವ ಬಲ್ಬೂ ಉಪಯೋಗವಿಲ್ಲ. 800, 1500, 3000 ನಂಬರಿನ ಮರಳು ಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಯುವಿ ಕ್ಲಿಯರ್ ಕೋಟ್ (ಬಿಸಿಲಿನಿಂದ ಕಾಯುವ ಪಾರದರ್ಶಕ ಲೇಪ) ಹೊಡೆಯಿರಿ. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗತಿ. ಕೊನೆಗೆ ಸಮನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ನೋಡಿ: ಬೆಳಕಿಗೆ ಶೇ. 1ರ ಇಳಿಜಾರು ನಿಗದಿಯಾಗಿರುವ ಕಾರಿನಲ್ಲಿ ಕಟ್-ಆಫ್ ಗೆರೆ ಲೈಟಿನ ಮಧ್ಯಬಿಂದುವಿಗಿಂತ 5 ಸೆಂ.ಮೀ. ಕೆಳಗೆ ಬೀಳಬೇಕು.