ಹಿಂದಿನ ಪುಟ ನಂಬಿ ತಂದ ಕಾಫಿ ತೋಟದ ಕಾದಂಬರಿ

ಚಿಕ್ಕಮಗಳೂರಿಗೆ ಹೋದಾಗೆಲ್ಲ ಪುಸ್ತಕದಂಗಡಿಗೆ ಒಂದ್ಸಲ ಹೊಕ್ಕು ಬರೋದು ನನ್ನ ಅಭ್ಯಾಸ, ಈ ಸಲ 320 ರೂಪಾಯಿ ಕೊಟ್ಟು ತಂದ ಕಾದಂಬರಿ ಬಗ್ಗೆ ಬರೀಲೇಬೇಕು ಅನ್ನಿಸ್ತು. ಹೆಸರು ಹೇಳಲ್ಲ, ಬರೆದವ್ರಿಗೆ ಇದು ಮೊದಲನೇ ಪುಸ್ತಕ. ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಇದ್ದದ್ದು ಇಷ್ಟು: ಮೂಡಿಗೆರೆ ಕಡೆ ಒಂದು ಎಸ್ಟೇಟು, ಆಳುಗಳಿಗೆ ಕೂಲಿ ಕೊಡೋ ಬಟವಾಡೆ ದಿನ ದುಡ್ಡಿನ ಸಮೇತ ಕಾಣೆಯಾಗೋ ರೈಟ್ರು, ಅಂದ್ರೆ ತೋಟದ ಹಾಜರಿ, ಲೆಕ್ಕ ಬರೆಯೋ ಗುಮಾಸ್ತ, ಅವನನ್ನ ಹುಡುಕ್ಕೊಂಡು ಹೊರಡೋ ಹೆಂಡ್ತಿ. ನಮ್ಮಪ್ಪನೂ ತೋಟದಲ್ಲಿ ರೈಟ್ರಾಗಿದ್ದವ್ರು, ಇಂಥ ಕಥೆ ಬಿಡೋಕಾಗುತ್ತಾ.

ಮೊದಲ 60 ಪುಟ ನಿಜವಾಗ್ಲೂ ಚೆನ್ನಾಗಿದೆ. ಆಳುಗಳಿರೋ ಲೈನ್ ಮನೆ ಒಲೆ ಹೊಗೆ, ಸಂಜೆ ಕುಯ್ದ ಕಾಫಿ ಹಣ್ಣು ಅಳೆಯೋವಾಗಿನ ಜಗಳ, ಹಾಜರಿ ಪುಸ್ತಕದಲ್ಲಿ ತನ್ನ ಹೆಸರೇ ಇಲ್ಲ ಅಂತ ಹೆಂಗಸೊಬ್ಳು ಅಳೋ ಸೀನು, ಅದನ್ನಂತೂ ಎರಡು ಸಲ ಓದಿದೆ.

ಆಮೇಲೆ ಹಳಿ ತಪ್ಪುತ್ತೆ. ತೋಟ ತುಂಬ ಕಾಫಿ ಹೂವು ಬೆಳ್ಳಗೆ ಅರಳಿದೆಯಂತೆ, ಅದೇ ದಿನ ಅರೇಬಿಕಾ ಜಾತಿ ಕಾಫಿ ಕುಯ್ಲೂ ಜೋರಂತೆ. ಅರೇಬಿಕಾ ಕುಯ್ಲು ನವೆಂಬರಿಂದ ಜನವರಿ, ಹೂವು ಬರೋದು ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದ ಜೀಪು ಮುಂದಿನ ಪ್ಯಾರಾದಲ್ಲೇ ಸಕಲೇಶಪುರ ಪೇಟೇಲಿರುತ್ತೆ, ಆ ಘಾಟಿ ಇಳಿದ್ರೆ ಸಿಗೋದು ಉಜಿರೆ, ಸಕಲೇಶಪುರ ಅಲ್ಲ. ರೋಡಿನ ತಪ್ಪು ಬಿಡಿ, ಆದ್ರೆ ರೈಟ್ರು ಕಾಣೆಯಾಗೋದು ಕುಯ್ಲಿನ ಟೈಮಲ್ಲಿ, ಆಳು ಜಾಸ್ತಿ, ಬಟವಾಡೆ ದುಡ್ಡೂ ಜಾಸ್ತಿ, ಇಡೀ ಸಸ್ಪೆನ್ಸು ನಿಂತಿರೋದೇ ಅದರ ಮೇಲೆ, ಕಾಲ ತಪ್ಪಿದ ಮೇಲೆ ಯಾರು ಯಾವಾಗ ಎಲ್ಲಿದ್ರು ಅನ್ನೋ ಲೆಕ್ಕ ಒಂದೂ ಕೂಡಲ್ಲ.

ಇದಕ್ಕಿಂತ ಬೇಜಾರಾಗಿದ್ದು ಆ ಹೆಂಡ್ತಿ ಪಾತ್ರಕ್ಕೆ ಮಾಡಿದ ಅನ್ಯಾಯ. ಎರಡನೇ ಅಧ್ಯಾಯದಲ್ಲಿ ಸಾಹುಕಾರ್ರ ಬಂಗಲೆ ಮುಂದೆ ನಿಂತು ಗಂಡನ ಬಾಕಿ ಸಂಬಳ ಕೇಳೋ ಗಟ್ಟಿ ಹೆಂಗಸು, ಬೆಂಗಳೂರಿಂದ ಒಬ್ಬ ಪೊಲೀಸ್ ಆಫೀಸರ್ ಬಂದಿದ್ದೇ ತಡ ಬರೀ ಅವನಿಗೆ ಕಾಫಿ ಕೊಡೋಳಾಗಿಬಿಡ್ತಾಳೆ. ಹುಡುಕೋದು, ಕೇಳೋದು, ಬೈಯೋದು ಎಲ್ಲ ಅವನೇ. ಕೊನೇಲಿ ಟ್ರಂಕಲ್ಲೊಂದು ಕಾಗದ ಸಿಗುತ್ತೆ, ಅದ್ರಲ್ಲಿ ಯಾರು ಯಾಕೆ ಏನು ಮಾಡಿದ್ರು ಅಂತ ನಾಲ್ಕೇ ಪುಟದಲ್ಲಿ ಹೇಳಿ ಮುಗಿಸಿದಾರೆ. 240 ಪುಟ ಕಾದವ್ರಿಗೆ ಇಷ್ಟೇನಾ?

ದುಡ್ಡು ಕೊಟ್ಟು ತಗೋಬೇಡಿ, ಲೈಬ್ರರಿಲಿ ಸಿಕ್ರೆ ಆ ಮೊದಲ 60 ಪುಟ ಖಂಡಿತ ಓದಿ. ಬರೆದವ್ರಿಗೆ ಕೈ ಇದೆ, ತೋಟದಲ್ಲಿ ಒಂದು ವರ್ಷ ಕೂತು ಇದನ್ನೇ ತಿದ್ದಿ ಬರೆದ್ರೆ ನಾನು ಮತ್ತೆ ದುಡ್ಡು ಕೊಟ್ಟು ತಗೋತೀನಿ. ಎರಡು ಸ್ಟಾರ್ ಕೊಟ್ಟಿದೀನಿ.

ನಾನು ಮುಗಿಸಿದ ಮೇಲೆ ಅಮ್ಮನೂ ಒಂದಷ್ಟು ಓದಿ ಕೇಳಿದ್ರು, ಅವಳಿಗೆ ಗಂಡನ ಬಾಕಿ ಸಂಬಳ ಸಿಕ್ತೇನೋ ಕೊನೆಗೆ ಅಂತ. ಅದು ಪುಸ್ತಕದಲ್ಲಿ ಎಲ್ಲೂ ಇಲ್ಲ.